25 ಮೀಟರ್ ದೂರದ ನಂಬರ್ ಪ್ಲೇಟು

ಬೀರುವಿನಲ್ಲಿ ಬೇರೇನನ್ನೋ ಹುಡುಕುತ್ತಿದ್ದ ನನ್ನ ಹೆಂಡತಿಗೆ ನನ್ನ ಚಾಲನಾ ಪರವಾನಗಿ ಸಿಕ್ಕಿತು. ಕನ್ನಡಕ ಏರಿಸಿಕೊಂಡು ಓದಿ, “ನಿಮ್ಮದು ಮುಂದಿನ ತಿಂಗಳಿಗೆ ಮುಗಿಯುತ್ತದೆ” ಎಂದಳು. ಎಪ್ಪತ್ತು ತುಂಬುತ್ತಿರುವವನಿಗೆ ಬೆಳಗಿನ ಚಹಾದ ಹೊತ್ತಿಗೆ ಹೇಳುವ ಮಾತೇ ಇದು?

ನಿಯಮ ನಿಮಗೆ ಗೊತ್ತಿದ್ದದ್ದೇ. ಐವತ್ತೈದು ದಾಟಿದವರಿಗೆ ಸರ್ಕಾರ ಲೈಸೆನ್ಸನ್ನು ಐದೈದು ವರ್ಷದ ಕಂತಿನಲ್ಲಿ ಕೊಡುತ್ತದೆ. ಅವಧಿ ಮುಗಿದು ವರ್ಷ ಕಳೆದರೆ ಮತ್ತೆ ಹುಡುಗರ ಸಾಲಿನಲ್ಲಿ ನಿಂತು ಎಂಟು ಹಾಕಿ ತೋರಿಸಬೇಕು. ನನಗೆ ಅವಸರವಿರುವುದು ಅಂಗಳದಲ್ಲಿ ನಿಂತಿರುವ ವ್ಯಾನಿನಿಂದ. ನಿವೃತ್ತಿಯ ದುಡ್ಡಿನಲ್ಲಿ ಹಳೆಯ ವ್ಯಾನು ಕೊಂಡು, ಒಳಗೆ ಮಡಚುವ ಮಂಚ, ಚಿಕ್ಕ ಒಲೆ, ನೀರಿನ ಟಾಕಿ ಎಲ್ಲ ಇಟ್ಟುಕೊಂಡಿದ್ದೇನೆ. ಊರವರು ಅದನ್ನು ಗಾಲಿಮನೆ ಎನ್ನುತ್ತಾರೆ. ಹೆಂಡತಿಗೆ ಅದರ ಬಗ್ಗೆ ಬೇರೆ ಅಭಿಪ್ರಾಯವಿದೆ: “ಮನೆಯಲ್ಲಿದ್ದರೂ ಅಡುಗೆ, ಗೋಕರ್ಣಕ್ಕೆ ಹೋದರೂ ಅಡುಗೆ.” ವ್ಯಾನಿನ ಈ ಬದಲಾವಣೆಯನ್ನು ಗಾಡಿಯ ದಾಖಲೆಯಲ್ಲಿ ಸೇರಿಸಲು ಹೋದಾಗ ಆರ್‌ಟಿಒ ಕಚೇರಿಯಲ್ಲಿ ಒಬ್ಬರು ಒಳಗೆ ಇಣುಕಿ ನೋಡಿ, “ಇದು ಮನೆಯೋ ಗಾಡಿಯೋ ಮೊದಲು ತೀರ್ಮಾನ ಮಾಡಿಕೊಂಡು ಬನ್ನಿ” ಎಂದಿದ್ದರು. ಅದೊಂದು ಬೇರೆಯೇ ಪುರಾಣ, ಇವತ್ತು ಬೇಡ.

ಈಗ ಎಲ್ಲವೂ ಆನ್‌ಲೈನ್. ಮನೆಯಲ್ಲೇ ಕುಳಿತು ನವೀಕರಿಸಿಕೊಳ್ಳಬಹುದು. ಎಂಥ ಸೌಲಭ್ಯ! ಆದರೆ ಶಿರಸಿಯಿಂದ ಸ್ವಲ್ಪ ಒಳಗೆ ಹೋದರೆ ಮೊಬೈಲ್ ಸಿಗ್ನಲ್ ಮನೆಯಲ್ಲಿ ಕುಳಿತವನಿಗೆ ಸಿಗುವುದಿಲ್ಲ. ನಮ್ಮಲ್ಲಿ ಅದು ಸಿಗುವುದು ಸೊಪ್ಪಿನ ಬೆಟ್ಟದ ತುದಿಯಲ್ಲಿ, ಮತ್ತಿ ಮರದ ಬುಡದಲ್ಲಿ, ಅದೂ ಉತ್ತರಕ್ಕೆ ಮುಖ ಮಾಡಿ ನಿಂತರೆ. ಕಂಪ್ಯೂಟರ್ ಇರುವುದು ಜಗುಲಿಯಲ್ಲಿ, ಒಟಿಪಿ ಬರುವುದು ಬೆಟ್ಟದಲ್ಲಿ. ಜಗುಲಿಯಲ್ಲಿ ಗುಂಡಿ ಒತ್ತಿ, ದಣಪೆ ದಾಟಿ, ತೋಟದ ಅಂಚಿನ ಏರು ಹತ್ತಿ, ಆರು ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡು ಇಳಿದು ಬರುವಷ್ಟರಲ್ಲಿ ಒಟಿಪಿಯ ಆಯಸ್ಸು ಮುಗಿದಿತ್ತು. ಎರಡನೆಯ ಸಲ ಓಡಿದೆ. ಇಳಿಯುವಾಗ ಎದುರಾದ ತೋಟದ ಕೆಲಸದವನು “ಕೊನೆಗೌಡ ಯಾವತ್ತು ಬರುತ್ತಾನೆ ಒಡೆಯಾ?” ಎಂದು ಅಡಿಕೆ ಕೊನೆ ಕೊಯ್ಯುವವನನ್ನು ವಿಚಾರಿಸಿದ, ನನ್ನ ಬಾಯಿಂದ ಮೂರು ಅಂಕಿ ಬಿದ್ದುಹೋದವು. ಮೂರನೆಯ ಸಲ ಹೆಂಡತಿಯನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ನಾನು ಬೆಟ್ಟದಿಂದ ಒಂದೊಂದೇ ಅಂಕಿಯನ್ನು ಕೂಗಿದೆ. ಆಚೆ ಕೇರಿಯ ನಾಯಿಗಳೆಲ್ಲ ಉತ್ತರ ಕೊಟ್ಟವು. ಕೆಲಸವಾಯಿತು. ಎಪ್ಪತ್ತರ ಮುದುಕನ ಗುಂಡಿಗೆ, ಮೊಣಕಾಲು, ನೆನಪಿನ ಶಕ್ತಿ ಮತ್ತು ಗಂಟಲು ನಾಲ್ಕನ್ನೂ ಒಂದೇ ಏಟಿಗೆ ಪರೀಕ್ಷಿಸುವ ಇಂಥ ವಿಧಾನವನ್ನು ಕಂಡುಹಿಡಿದವರಿಗೆ ನನ್ನ ನಮಸ್ಕಾರ. ಇಷ್ಟಾದ ಮೇಲೂ ವೈದ್ಯರ ಪ್ರಮಾಣಪತ್ರ ಯಾಕೆ ಬೇಕೋ ತಿಳಿಯದು.

ಬೇಕು. ಫಾರ್ಮ್ 1ಎ. ನಲವತ್ತು ದಾಟಿದ ಪ್ರತಿಯೊಬ್ಬರಿಗೂ ಬೇಕು. ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟು ಓದಬಲ್ಲನೇ? ಇರುಳುಗುರುಡು ಇದೆಯೇ? ಹಾರ್ನ್ ಕೇಳಿಸುತ್ತದೆಯೇ? ನಾನೇ ತುಂಬುವ ಇನ್ನೊಂದು ಫಾರ್ಮಿನಲ್ಲಿ ಕೆಂಪು ಮತ್ತು ಹಸಿರು ಬೇರೆಬೇರೆಯಾಗಿ ಕಾಣುತ್ತವೆಯೇ ಎಂದೂ ಕೇಳಿದ್ದಾರೆ. ರಾಶಿ, ಬೆಟ್ಟೆ, ಚಾಲಿ, ಕೋಕ, ಕೆಂಪುಗೋಟು, ಬಿಳೆಗೋಟು ಎಂದು ದೀಪದ ಬೆಳಕಿನಲ್ಲೇ ಅಡಿಕೆ ಆರಿಸುತ್ತ ಬೆಳೆದವನಿಗೆ ಕೇಳುವ ಪ್ರಶ್ನೆ.

ನಾನು ಹೋದ ಡಾಕ್ಟರು ನನಗಿಂತ ನಾಲ್ಕು ವರ್ಷ ದೊಡ್ಡವರು. ಚಾಲಿ ದರ ವಿಚಾರಿಸಿದರು, ನನ್ನ ಮಗಳ ಮಕ್ಕಳನ್ನು ವಿಚಾರಿಸಿದರು. ಆಮೇಲೆ ಫಾರ್ಮನ್ನು ಕೈಯಷ್ಟು ದೂರ ಹಿಡಿದು, ಹತ್ತಿರ ತಂದು, ಮತ್ತೆ ದೂರ ಹಿಡಿದು, “ಸಹಿ ಎಲ್ಲಿ ಮಾಡಬೇಕು ಎಂದು ಬರೆದಿದ್ದಾರೆ, ಸ್ವಲ್ಪ ಓದಿ ಹೇಳಿ” ಎಂದರು. ಓದಿ ಹೇಳಿದೆ. ನನ್ನ ಕಣ್ಣಿನ ಪರೀಕ್ಷೆ ಅಲ್ಲಿಗೆ ಮುಗಿಯಿತು.

ಇಂಗ್ಲೆಂಡಿನಲ್ಲಿರುವ ನನ್ನ ಷಡ್ಡಕನಿಗೂ ಈ ವರ್ಷ ಎಪ್ಪತ್ತು, ಅವನಲ್ಲೂ ಗಾಲಿಮನೆ ಇದೆ. ಅಲ್ಲಿ ಅದಕ್ಕೆ ಮೋಟರ್‌ಹೋಮ್ ಎನ್ನುತ್ತಾರೆ, ಅವನದು ನಾಲ್ಕು ಟನ್ನಿನದು. 1997ಕ್ಕೆ ಮೊದಲು ಅಲ್ಲಿ ಕಾರಿನ ಪರೀಕ್ಷೆ ಪಾಸಾದವರಿಗೆ ಏಳೂವರೆ ಟನ್‌ವರೆಗಿನ ಗಾಡಿ ಓಡಿಸುವ ಹಕ್ಕಿದೆ. ಎಪ್ಪತ್ತಾದ ಕೂಡಲೇ ಅದು ಕಳಚಿ ಬೀಳುತ್ತದೆ. ಉಳಿಸಿಕೊಳ್ಳಬೇಕಾದರೆ ಡಿ4 ಎಂಬ ಫಾರ್ಮಿನಲ್ಲಿ ವೈದ್ಯರ ವರದಿ ಬೇಕು, ಇಲ್ಲವಾದರೆ 3,500 ಕಿಲೊ ಒಳಗಿನ ಗಾಡಿಗೆ ಇಳಿಯಬೇಕು. ಬರೀ ಕಾರು ಸಾಕು ಎನ್ನುವವನಿಗೆ ಡಾಕ್ಟರ ಸಹಿಯೇ ಬೇಡ, ನಾನು ಗಟ್ಟಿಯಾಗಿದ್ದೇನೆ ಎಂದು ತಾನೇ ಬರೆದುಕೊಟ್ಟರಾಯಿತು. ನಂಬರ್ ಪ್ಲೇಟನ್ನು ಕೂಡ ಅಲ್ಲಿ 20 ಮೀಟರಿನಿಂದ ಓದಿದರೆ ಸಾಕಂತೆ. ನಮಗೆ ಐದು ಮೀಟರ್ ಹೆಚ್ಚು. ಸರಿಯಾಗಿಯೇ ಇದೆ, ಆ ಐದು ಮೀಟರಿನಲ್ಲಿ ನಮ್ಮ ಎರಡು ಹೊಂಡ ಬರುತ್ತವೆ.

ಷಡ್ಡಕ ಫೋನಿನಲ್ಲಿ ಗೋಳಾಡಿದ, “ಡಾಕ್ಟರು ಮುಕ್ಕಾಲು ಗಂಟೆ ಪರೀಕ್ಷಿಸಿದರು ಮಾರಾಯ.”

ಡಾಕ್ಟರು ಮುಕ್ಕಾಲು ಗಂಟೆ ಸಿಕ್ಕಿದರೆಂದು ದೂರುವವನಿಗೆ ಉತ್ತರ ಕನ್ನಡದಲ್ಲಿ ಕುಳಿತ ನಾನು ಏನು ಹೇಳಲಿ? ಈ ಜಿಲ್ಲೆಯಲ್ಲಿ ಎದೆನೋವು ಬಂದವನನ್ನು ಮಣಿಪಾಲಕ್ಕೋ ಹುಬ್ಬಳ್ಳಿಗೋ ಒಯ್ಯುತ್ತೇವೆ. ದೊಡ್ಡ ಆಸ್ಪತ್ರೆ ಬೇಕೆಂದು ಕೇಳಿ ಕೇಳಿ ಜನರ ಬಾಯಿ ಒಣಗಿದೆ. ಚುನಾವಣೆ ಬಂದಾಗ ಆಸ್ಪತ್ರೆಯೂ ಬರುತ್ತದೆ, ಮುಗಿದ ಮೇಲೆ ಎರಡೂ ಹೋಗುತ್ತವೆ. ನನ್ನ ಆರೋಗ್ಯದ ಪ್ರಮಾಣಪತ್ರ ಕೇಳುವ ಸರ್ಕಾರಕ್ಕೆ ನನ್ನ ಆರೋಗ್ಯ ಬೇಕಾಗಿಲ್ಲ, ಪತ್ರ ಸಾಕು.

ಕಾಳಿ ಸೇತುವೆಗೂ ನಲವತ್ತು ದಾಟಿತ್ತು. 2024ರ ಆಗಸ್ಟ್ 7ರ ನಡುರಾತ್ರಿ ಅದು ಕಾರವಾರದಲ್ಲಿ ಕುಸಿದು ಕಾಳಿ ನದಿಗೆ ಬಿದ್ದದ್ದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಲಾರಿಯ ಸಮೇತ ನದಿಗೆ ಬಿದ್ದ ಚಾಲಕ ಬದುಕಿದ್ದು ಪುಣ್ಯ. ಆತನ ಲೈಸೆನ್ಸು, ಲಾರಿಯ ಪರ್ಮಿಟ್ಟು, ಇನ್ಶೂರೆನ್ಸು, ಹೊಗೆಯ ಚೀಟಿ ಎಲ್ಲವನ್ನೂ ದಾರಿಯುದ್ದಕ್ಕೂ ಕೇಳುವವರಿದ್ದಾರೆ. ಕೋಡಿಬಾಗದಿಂದ ಸದಾಶಿವಗಡದವರೆಗೆ ಹಗಲು ರಾತ್ರಿ ಲಾರಿಗಳನ್ನು ಹೊತ್ತು ನಿಂತಿದ್ದ ಸೇತುವೆಯನ್ನು ನಿನಗೆ ತಲೆಸುತ್ತು ಬರುತ್ತದೆಯೇ, ಕಾಲು ಗಟ್ಟಿ ಇದೆಯೇ ಎಂದು ಕೇಳಿ ಫಾರ್ಮ್ 1ಎ ತುಂಬಿಸಿಕೊಂಡವರು ಯಾರು? ಅದಕ್ಕೆ ಮೂರು ವಾರ ಮೊದಲು ಅಂಕೋಲೆಯ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಕುಸಿದು ಬಿದ್ದಿತ್ತು. ಅದರ ಬಗ್ಗೆ ತಮಾಷೆ ಮಾಡಲು ನನಗೆ ಬರುವುದಿಲ್ಲ. ಸತ್ತವರಲ್ಲಿ ಯಾರ ಕಣ್ಣೂ ಮಂಜಾಗಿರಲಿಲ್ಲ.

ಇರಲಿ. ಲೈಸೆನ್ಸು ಬಂತು. ಫೋಟೊದಲ್ಲಿ ನಾನು ಏನೋ ಕದ್ದು ಸಿಕ್ಕಿಬಿದ್ದವನಂತೆ ಕಾಣುತ್ತೇನೆ, ಉಳಿದದ್ದೆಲ್ಲ ಸರಿಯಾಗಿದೆ. ಎಪ್ಪತ್ತೈದರವರೆಗೆ ಚಿಂತೆ ಇಲ್ಲ. ದೇವಿಮನೆ ಘಟ್ಟ ಇಳಿದು ಕುಮಟೆ, ಅಲ್ಲಿಂದ ಗೋಕರ್ಣ, ಮನಸ್ಸಾದರೆ ಕಾರವಾರ ಎಂದು ಲೆಕ್ಕ ಹಾಕಿ ವ್ಯಾನಿನ ಟಾಕಿಗೆ ನೀರು ತುಂಬಿಸಿದೆ.

ಅಂಚೆಯವನು ಕಾರ್ಡನ್ನು ಕೊಟ್ಟಿದ್ದು ಹಳ್ಳದ ಆಚೆ ದಡದಿಂದ, ಲಕೋಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಕಲ್ಲು ಕಟ್ಟಿ ಎಸೆದು. ಆಷಾಢದ ಮಳೆಗೆ ನಮ್ಮ ಮನೆಯ ದಾರಿಯ ಸಂಕ, ಅಂದರೆ ಹಳ್ಳದ ಮೇಲಿನ ಕಿರುಸೇತುವೆ, ಕೊಚ್ಚಿಹೋಗಿದೆ. ಹೊಸದು ಮಂಜೂರಾಗಿದೆಯಂತೆ. ವ್ಯಾನು ಅಂಗಳದಲ್ಲೇ ಇದೆ. ಸಂಜೆ ಅದರೊಳಗೆ ಕುಳಿತು ಎಲೆಯಡಿಕೆಯ ಕವಳ ಹಾಕುತ್ತೇನೆ, ಹೆಂಡತಿ ಮನೆಯ ಒಲೆಯಲ್ಲೇ ಚಹಾ ಮಾಡಿ ತಂದುಕೊಡುತ್ತಾಳೆ. ಮೊನ್ನೆ ಅಲ್ಲಿಂದ ಹೊರಗೆ ನೋಡಿದೆ. ಹಳ್ಳದ ಆಚೆ ಯಾರದೋ ಜೀಪು ತಿರುಗಿಸಿಕೊಂಡು ಹೋಗುತ್ತಿತ್ತು. 25 ಮೀಟರಿಗಿಂತ ಹೆಚ್ಚೇ ಇರಬೇಕು. ಕೆಎ 31, ಸ್ಪಷ್ಟವಾಗಿ ಕಾಣಿಸಿತು.