ಮೂಗಿಗಿಂತ ಮೂಗುತಿ ಭಾರ ಆದ ರಿವಾಲ್ವರ್

ಪೊಲೀಸ್ರಿಗೆ ದೊಡ್ಡ ಗನ್ ಕೊಟ್ಬಿಟ್ರೆ ಎಲ್ಲಾ ಸರಿಹೋಗುತ್ತೆ ಅಂತ ಯಾರಾದ್ರೂ ವಾದಕ್ಕೆ ಬಂದ್ರೆ ನಾನು ಸ್ಮಿತ್ ಆಂಡ್ ವೆಸನ್ ಕಂಪನಿಯ ಮಾಡೆಲ್ 58 ಅನ್ನೋ ರಿವಾಲ್ವರಿನ ಕಥೆ ತೆಗೀತೀನಿ.

ಅಮೆರಿಕದ ಪೊಲೀಸರ ಸೊಂಟದಲ್ಲಿ ದಶಕಗಟ್ಟಲೆ ಇದ್ದಿದ್ದು .38 ಸ್ಪೆಷಲ್ ತೋಟಾದ ರಿವಾಲ್ವರ್ (ಈ .38, .44 ಎಲ್ಲಾ ಇಂಚಿನ ಲೆಕ್ಕದಲ್ಲಿ ಗುಂಡಿನ ದಪ್ಪ). ಸೀಸದ ಗುಂಡು, ಮೊಂಡು ಮೂತಿ, ತೂಕ 158 ಗ್ರೇನ್ ಅಂದ್ರೆ ಸುಮಾರು 10 ಗ್ರಾಂ. ಕಳ್ರು ಕಾರಲ್ಲಿ ಓಡಾಡೋಕೆ ಶುರು ಮಾಡಿದ್ಮೇಲೆ ತಗಡಿನ ಮುಂದೆ ಇದರ ಆಟ ನಡೀಲಿಲ್ಲ. ಅದಕ್ಕೇ 1930ರಲ್ಲಿ .44ರ ದಪ್ಪ ಫ್ರೇಮಿಗೆ .38ರ ಬ್ಯಾರಲ್ ಕೂರಿಸಿದ್ರು, 1935ಕ್ಕೆ .357 ಮ್ಯಾಗ್ನಮ್ ಬಂತು. (ತಮಾಷೆ ಏನಂದ್ರೆ .38 ಅನ್ನೋದು ಬರೀ ಹೆಸರಿಗೆ, ಎರಡರ ಗುಂಡಿನ ದಪ್ಪನೂ ಒಂದೇ, ಮ್ಯಾಗ್ನಮ್ಮಿನ ಕೇಸ್, ಅಂದ್ರೆ ಗುಂಡು ಕೂರೋ ಲೋಹದ ಕೊಳವೆ ಮಾತ್ರ ಸುಮಾರು 3 ಮಿಲಿಮೀಟರ್ ಜಾಸ್ತಿ ಉದ್ದ, ಹಳೇ ಗನ್ನಿಗೆ ತುರುಕಬಾರ್ದು ಅಂತ.)

ಆಮೇಲೆ 1964ರಲ್ಲಿ .41 ಮ್ಯಾಗ್ನಮ್. ಎಲ್ಮರ್ ಕೀತ್, ಬಿಲ್ ಜೋರ್ಡನ್ ಥರದ, ಗನ್ ಬಗ್ಗೆ ಬರೆಯೋ ಘಟಾನುಘಟಿ ಗುರಿಕಾರರು ಬೇಕು ಅಂತ ಹಟ ಹಿಡಿದು ಮಾಡಿಸಿದ್ದು. ಪೊಲೀಸ್ರಿಗೆ ಅಂತ್ಲೇ ಸಾದಾ ಸೈಟಿನ ಮಾಡೆಲ್ 58, ಜೊತೆಗೆ ಕಮ್ಮಿ ವೇಗದ ಸೀಸದ ಗುಂಡು. ಕಾಗದದ ಮೇಲೆ ಏನೂ ತಪ್ಪಿಲ್ಲ. ಆದ್ರೆ ಖಾಲಿ ಗನ್ನೇ ಒಂದು ಕೆಜಿ ದಾಟುತ್ತೆ, ದಿನವಿಡೀ ಸೊಂಟಕ್ಕೆ ನೇತಾಕ್ಕೊಂಡು ಓಡಾಡೋನು ಕಾನ್‌ಸ್ಟೇಬಲ್ಲು, ಕೀತ್ ಅಲ್ವಲ್ಲ! ಸ್ಯಾನ್ ಆಂಟೋನಿಯೋ, ಸ್ಯಾನ್ ಫ್ರಾನ್ಸಿಸ್ಕೋ ಪೊಲೀಸ್ರು ತಗೊಂಡ್ರು, ಮಿಕ್ಕ ಬಹುತೇಕ ಇಲಾಖೆಗಳು ಆ ಕಡೆ ತಲೆನೂ ಹಾಕ್ಲಿಲ್ಲ.

ಭಾರ ಹೋಗ್ಲಿ, ಗನ್ನಿನ ಒದೆತ ಏನು ಮಾಡುತ್ತೆ ಅಂತ ನಂಗೆ ಅರ್ಥ ಆಗಿದ್ದು ಎನ್‌ಸಿಸಿ ಕ್ಯಾಂಪಲ್ಲಿ. .303 ರೈಫಲ್ಲಿನ ಮೊದಲ್ನೇ ಗುಂಡಿಗೆ ಭುಜ ಚುರ್ ಅಂತು, ಎರಡನೇದಕ್ಕೆ ಟ್ರಿಗರ್ ಒತ್ತೋ ಮುಂಚೆನೇ ಕಣ್ಣು ಮುಚ್ಚಿಬಿಟ್ಟಿದ್ದೆ, ಗುಂಡು ಎಲ್ಲಿಗೆ ಹೋಯ್ತೋ ದೇವ್ರೇ ಬಲ್ಲ. ಹವಾಲ್ದಾರ್ ಸಾಹೇಬ್ರು ಬೈದಿದ್ದು ಮಾತ್ರ ಚೆನ್ನಾಗಿ ನೆನಪಿದೆ.

1970ರ ಏಪ್ರಿಲ್ 5ರ ಮಧ್ಯರಾತ್ರಿ ಹೊತ್ತಿಗೆ ಕ್ಯಾಲಿಫೋರ್ನಿಯಾದ ನ್ಯೂಹಾಲ್‌ನಲ್ಲಿ ನಡೆದ ಗುಂಡಿನ ಕಾಳಗದಲ್ಲಿ ಐದೇ ನಿಮಿಷದೊಳಗೆ ನಾಲ್ಕು ಜನ ಹೈವೇ ಪೆಟ್ರೋಲ್ ಪೊಲೀಸ್ರು ಸತ್ರು. ಕೆಲವ್ರ ಗನ್ನಲ್ಲಿ ಇದ್ದಿದ್ದು .357, ಪ್ರಾಕ್ಟೀಸ್ ಮಾಡಿದ್ದು ಮಾತ್ರ ಮೆತ್ತಗಿನ .38ರಲ್ಲಿ. ಡ್ಯೂಟಿಗೆ ತಗೊಂಡು ಹೋಗೋ ಗುಂಡಲ್ಲೇ ಪ್ರಾಕ್ಟೀಸ್ ಮಾಡಿಸ್ಬೇಕು ಅನ್ನೋ ಬುದ್ಧಿ ಬಂದಿದ್ದು ಅದಾದ್ಮೇಲೆ, ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗಿಲು ಹಾಕಿದ್ರಂತಲ್ಲ, ಹಂಗೆ.

1986ರಲ್ಲಿ ಮಯಾಮಿಲಿ ದರೋಡೆಕೋರರ ಜೊತೆ ಇನ್ನೊಂದು ಗುಂಡಿನ ಕಾಳಗ. ಎಫ್‌ಬಿಐನ ಇಬ್ಬರು ಏಜೆಂಟ್‌ಗಳು ಸತ್ರು, ಐದು ಜನಕ್ಕೆ ಗಾಯ. ಆರೋಪಿಗೆ ಬಿದ್ದ ಒಂದು 9 ಎಂಎಂ ಗುಂಡು ಹೃದಯದ ಹತ್ರ ಹೋಗಿ ನಿಂತುಬಿಟ್ಟಿತ್ತು, ಬೈಗುಳ ಎಲ್ಲಾ ಆ ಗುಂಡಿಗೇ. ಸರಿ, 10 ಎಂಎಂ ತಂದ್ರು, ಅದರ ಒದೆತ ಜಾಸ್ತಿ ಆಯ್ತು ಅಂತ ಮದ್ದು ಕಮ್ಮಿ ಮಾಡಿಸಿದ್ರು, ಅಷ್ಟು ಕಮ್ಮಿ ಮಾಡೋದಾದ್ರೆ ಉದ್ದ ಕೇಸ್ ಯಾಕೆ ಅಂತ 1990ಕ್ಕೆ ಗಿಡ್ಡ ಕೇಸಿನ .40 ಬಂತು. ಕೊನೆಗೆ 2014ರ ಹೊತ್ತಿಗೆ ಎಫ್‌ಬಿಐನವ್ರೇ, 9 ಎಂಎಂ ಕೊಟ್ರೆ ನಮ್ಮೋರು ಬೇಗನೂ ಹೊಡೀತಾರೆ ಗುರಿನೂ ಇಡ್ತಾರೆ ಅಂತ ಬರ್ಕೊಂಡು ವಾಪಸ್ ಅಲ್ಲಿಗೇ ಬಂದ್ರು. 1964ರಲ್ಲಿ ಮಾಡೆಲ್ 58 ಹೊತ್ಕೊಂಡು ಬೀಟ್ ತಿರುಗ್ತಿದ್ದ ಯಾವನಾದ್ರೂ ಕಾನ್‌ಸ್ಟೇಬಲ್‌ನ ಕೇಳಿದ್ರೆ ಇದನ್ನೇ ಪುಕ್ಕಟೆ ಹೇಳಿರೋನು.