ಹಳೇ ಗೀಚಿಗೆ ಬೇಲಿ, ಹೊಸ ಗೀಚಿಗೆ ಬೇಡಿ

ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ದ್ವೀಪಗಳಿವೆ. ಅಲ್ಲಿ ಮೇಸ್‌ಹೌ ಅಂತ ಒಂದು ಹುಲ್ಲಿನ ದಿಬ್ಬ. ಅದರೊಳಗೆ ಸುಮಾರು 5000 ವರ್ಷ ಹಳೆಯ ಕಲ್ಲಿನ ಗೋರಿ. ಹಗಲು ತೀರಾ ಚಿಕ್ಕದಾಗುವ ಡಿಸೆಂಬರಿನಲ್ಲಿ, ಮುಳುಗುವ ಸೂರ್ಯನ ಬೆಳಕು ಉದ್ದನೆಯ ಕಿರುದಾರಿಯಲ್ಲಿ ತೂರಿ ಹಿಂಗೋಡೆ ಮುಟ್ಟುತ್ತದೆ. ಕಟ್ಟಿದವರು ಕಬ್ಬಿಣ ಕಂಡವರಲ್ಲ. ತಮ್ಮ ಹೆಸರನ್ನೂ ಎಲ್ಲೂ ಬರೆದಿಟ್ಟಿಲ್ಲ, ಪಾಪ.

ಹೆಸರು ಬರೆದವರು ಬೇರೆಯವರು. 12ನೇ ಶತಮಾನದಲ್ಲಿ ನಾರ್ವೆ ಮೂಲದ ವೈಕಿಂಗ್ ಮಂದಿ ಗೋರಿಗೆ ಕನ್ನ ಹಾಕಿ ಒಳಗಿಳಿದರು. ಸುಮ್ನೆ ಬರಲಿಲ್ಲ, ಗೋಡೆ ತುಂಬ ರೂನ್ ಎಂಬ ತಮ್ಮ ಹಳೇ ಲಿಪಿಯಲ್ಲಿ ಕೊರೆದರು. ಸುಮಾರು 30 ಬರಹ! ಏನು ಮಹಾಕಾವ್ಯ ಅಂತೀರಿ? ಇಂಗಿಗೆರ್ಥ್ ಎಂಬಾಕೆಯಷ್ಟು ಚೆಲುವೆ ಬೇರೆ ಇಲ್ಲ ಅಂತ ಒಬ್ಬನ ಗೋಳು. ಪಶ್ಚಿಮ ಸಮುದ್ರದಲ್ಲೇ ರೂನ್ ಬರೆಯೋದರಲ್ಲಿ ನಾನೇ ಪಂಟ ಅಂತ ಇನ್ನೊಬ್ಬ. ಮತ್ತೊಬ್ಬ ಯಾರ ಕೈಗೂ ಎಟುಕದ ಕಡೆ ಕೊರೆದಿದ್ದಾನೆ, ಇಷ್ಟು ಮೇಲೆ ಬರೆದವನು ನಾನು ಅಂತ. ಗೆಳೆಯನ ಹೆಗಲೇರಿದ್ದನೋ ಏನೋ. ನಮ್ಮ ಬಸ್ ಸ್ಟ್ಯಾಂಡ್ ಗೋಡೆಯೇ ಅಲ್ವಾ ಇದು?

1861ರಲ್ಲಿ ಜೇಮ್ಸ್ ಫ್ಯಾರರ್ ಎಂಬ ಎಂಪಿ ಸಾಹೇಬರು ಬಂದರು. ಅವರೂ ನೆತ್ತಿಯಿಂದಲೇ ಒಡೆದು ಇಳಿದರು. ವೈಕಿಂಗರು ಇಳಿದರೆ ಕನ್ನ, ಎಂಪಿ ಇಳಿದರೆ ಉತ್ಖನನ. ಸಾಹೇಬರಿಗೆ ಆ ಗೀಚು ಕಂಡಿದ್ದೇ ತಡ, ವಿದ್ವಾಂಸರು ಓದಲು ಮುಗಿಬಿದ್ದರು. ಈಗ ಒಂದೊಂದು ಗೀಚಿಗೂ ನಂಬರಿದೆ. 1999ರಿಂದ ಅದು ವಿಶ್ವ ಪರಂಪರೆ ತಾಣ. ಪ್ರವಾಸಿಗರು ಟಿಕೆಟ್ ಕೊಂಡು, ಸೊಂಟ ಬಗ್ಗಿಸಿ ಒಳಗೆ ಹೋಗಿ, ಆ ಪೋಲಿಗಳ ಅಕ್ಷರ ನೋಡಿ ಕೈಮುಗಿಯುವುದಷ್ಟೇ ಬಾಕಿ.

ಅಲ್ಲೇ ಹತ್ತಿರದಲ್ಲಿ ಬ್ರಾಡ್ಗರ್ ಎಂಬ ಕಲ್ಲುಗಳ ವೃತ್ತವಿದೆ. ಒಂದು ಕಲ್ಲಿನ ಮೇಲೆ ಬ್ಯೋರ್ನ್ ಎಂಬ ಹೆಸರು, ರೂನ್‌ನಲ್ಲಿ. ಅದಕ್ಕೆ ರಕ್ಷಣೆ. 2019ರಲ್ಲಿ ಅದೇ ವೃತ್ತದ ಒಂದು ಕಲ್ಲಿನ ಮೇಲೆ ಯಾರೋ ಗೀಚಿದರು. ಅದಕ್ಕೆ ಪೊಲೀಸ್ ತನಿಖೆ. ಬ್ಯೋರ್ನನಿಗೆ ಸಿಕ್ಕ ಮರ್ಯಾದೆ ಇವನಿಗೆ ಯಾಕಿಲ್ಲ? ಒಂದು 800 ವರ್ಷ ಲೇಟು, ಅಷ್ಟೇ.

ನಮ್ಮ ಕಾನೂನು ಇನ್ನೂ ಉದಾರಿ. ಸಂರಕ್ಷಿತ ಸ್ಮಾರಕ ಹಾಳುಮಾಡಿದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಆದರೆ ಪ್ರಾಚೀನ ಅನ್ನಿಸಿಕೊಳ್ಳಲು 100 ವರ್ಷ ಸಾಕು. ಹಾಗಾಗಿ ಹಂಪಿಯ ಕಂಬದ ಮೇಲೆ ಮೊಳೆಯಲ್ಲಿ ಹೃದಯ ಕೊರೆಯುವ ತಮ್ಮಂದಿರೇ, ಕೆಳಗೆ ತಾರೀಖು ಹಾಕೋದು ಮರೀಬೇಡಿ. ಮುಂದೆ ನಂಬರ್ ಕೊಡೋರಿಗೂ ಸುಲಭ, ಈಗ ಹಿಡಿಯೋರಿಗೂ ಸುಲಭ.