ಸ್ಪಷ್ಟನೆ: ವಿಯೆಟ್ನಾಮಿನವರು ನೋವಿಗೆ ಮಾತ್ರೆ ನುಂಗುವುದಿಲ್ಲವೇ?

‘ವಿಯೆಟ್ನಾಮಿನವರಿಗೆ ಮೈಕೈ ನೋವು ಬರುವುದೇ ಅಪರೂಪ, ಬಂದರೂ ಮಾತ್ರೆ ನುಂಗದೆ, ನಾಣ್ಯದಿಂದ ಬೆನ್ನು ಕೆರೆದು ಕೆಟ್ಟ ರಕ್ತ ತೆಗೆಯುತ್ತಾರೆ’ ಎಂಬ ಸಂದೇಶ ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ಪದ್ಧತಿಯೇನೋ ನಿಜ. ‘ಕಾವ್ ಜೋ’, ಅಂದರೆ ಗಾಳಿ ಕೆರೆಯುವುದು, ಎಂದು ಅದರ ಹೆಸರು. ಎಣ್ಣೆ ಸವರಿದ ಬೆನ್ನನ್ನು ನಾಣ್ಯದ ಅಥವಾ ಚಮಚದ ಅಂಚಿನಿಂದ ಉಜ್ಜುತ್ತಾರೆ. ಆಗ ಮೂಡುವ ಕೆಂಪು ಗೆರೆಗಳು ಹೊರಬಂದ ವಿಷವಲ್ಲ. ಚರ್ಮದಡಿಯ ಕಿರು ರಕ್ತನಾಳಗಳು ಒಡೆದ ಗುರುತು. 1975ರ ನಂತರ ಅಮೆರಿಕಕ್ಕೆ ಹೋದ ನಿರಾಶ್ರಿತರ ಮಕ್ಕಳ ಬೆನ್ನಿನಲ್ಲಿ ಇವನ್ನು ಕಂಡ ವೈದ್ಯರು, ಪಾಪ, ಹೆತ್ತವರೇ ಹೊಡೆದಿದ್ದಾರೆ ಎಂದು ಶಂಕಿಸಿದ್ದೂ ಉಂಟು.

ಬಗ್ಗಿ ನಾಟಿ ಮಾಡುವವರ ಸೊಂಟನೋವು, ವಯಸ್ಸಾದವರ ಮಂಡಿನೋವು ಅಲ್ಲಿಯೂ ಸಾಮಾನ್ಯ. ಪ್ಯಾರಾಸಿಟಮಾಲ್ ಅನ್ನು ಚೀಟಿಯಿಲ್ಲದೆ ಔಷಧದಂಗಡಿಯಲ್ಲಿ ಕೊಳ್ಳುತ್ತಾರೆ. ಮುಲಾಮು, ನೋವಿನ ಪಟ್ಟಿ, ಗಿಡಮೂಲಿಕೆ ಎಲ್ಲವೂ ಜೊತೆಗಿರುತ್ತವೆ. ನನಗೆ ನಿಜವಾದ ಆತಂಕ ಹುಟ್ಟಿಸುವುದು ನಾಣ್ಯವಲ್ಲ, ‘ನಾಟಿ ಔಷಧ’ ಎಂದು ಮಾರುವ ಕೆಲವು ಪುಡಿಗಳಲ್ಲಿ ಗುಟ್ಟಾಗಿ ಬೆರೆಸುವ ಸ್ಟೆರಾಯ್ಡ್. ಅದು ಬೇಗ ನೋವಡಗಿಸಿ ನಿಧಾನವಾಗಿ ಮೂಳೆಯನ್ನು ಸವೆಸುತ್ತದೆ.

ಕ್ಯಾನ್ಸರ್ ನೋವಿಗೆ ಅಲ್ಲಿನ ವೈದ್ಯರು ಮಾರ್ಫಿನ್ ಎಂಬ ಬಲವಾದ ನೋವುನಿವಾರಕವನ್ನು ಬರೆಯುತ್ತಾರೆ. ಮೊದಲು ಒಮ್ಮೆಗೆ 7 ದಿನಗಳಿಗಷ್ಟೇ ಬರೆಯಬಹುದಿತ್ತು. 2008ರ ನಿಯಮ ಅದನ್ನು 30 ದಿನಗಳಿಗೆ ಏರಿಸಿತು.